ತನ್ನನ್ನೇ ಅರಿಯದ ಪ್ರಭುತ್ವ: ಸೋವಿಯತ್ ಒಕ್ಕೂಟದ ಕೊನೆಯ ವರ್ಷಗಳ ಮುಕ್ತತೆ



ಈ ವರ್ಷದ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದಿದ್ದೀರಿ. ದುಡಿದು ಉಳಿಸಿದ ಹಣದಲ್ಲಿ ಒಂದು ಪಾಲನ್ನು ಜನರ ತಿಳಿವಳಿಕೆಗೆಂದು ಎತ್ತಿಡುವ ದೊಡ್ಡ ಮನಸ್ಸಿನವರಿಂದಲೇ ನಮ್ಮ ನಾಡಿನಲ್ಲಿ ಇಂಥ ವೇದಿಕೆಗಳು ಉಳಿದಿವೆ. ಆ ಆಶಯಕ್ಕೆ ಒಪ್ಪುವ ವಿಷಯವೆಂದು ನಾನು ಆರಿಸಿಕೊಂಡದ್ದು 1985ರಿಂದ 1991ರವರೆಗಿನ ಸೋವಿಯತ್ ಒಕ್ಕೂಟದ ರಾಜಕೀಯ ಸುಧಾರಣೆ. ಅದರಲ್ಲೂ ‘ಗ್ಲಾಸ್ನೋಸ್ತ್’ ಎಂದು ಜಗತ್ತೆಲ್ಲ ಕರೆದ ಮುಕ್ತತೆಯ ನೀತಿ.

ಕನ್ನಡದ ಓದುಗರಿಗೆ ಸೋವಿಯತ್ ದೇಶ ತೀರ ದೂರದ್ದಾಗಿರಲಿಲ್ಲ. ಮಾಸ್ಕೋದಲ್ಲಿ ಅಚ್ಚಾದ ಪುಸ್ತಕಗಳು ಕಡಿಮೆ ಬೆಲೆಗೆ ನಮ್ಮ ಊರುಗಳಿಗೂ ಬರುತ್ತಿದ್ದವು. ಗಾರ್ಕಿಯ ‘ತಾಯಿ’ಯನ್ನು ಕನ್ನಡದಲ್ಲಿ ಓದಿ ಬೆಳೆದವರು ಈ ಸಭೆಯಲ್ಲೂ ಇರಬಹುದು. ಆ ಪುಸ್ತಕಗಳಲ್ಲಿ ಕಂಡ ದೇಶವನ್ನು ಅನೇಕರು ಮನಸಾರೆ ಪ್ರೀತಿಸಿದರು. ಬಡವನಿಗೂ ಮರ್ಯಾದೆಯ ಬದುಕು ಸಾಧ್ಯ ಎಂದು ನಂಬಿದರು. ಆ ಪ್ರೀತಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಆ ದೇಶ ತನ್ನ ಜನರಿಂದ ಏನೇನನ್ನು ಮುಚ್ಚಿಟ್ಟಿತ್ತು ಎಂಬುದು ಆ ಪುಸ್ತಕಗಳಲ್ಲಿ ಇರಲಿಲ್ಲ.

ಈ ಕಾಲದ ಬಗ್ಗೆ ಎರಡು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಮಿಖಾಯಿಲ್ ಗೊರ್ಬಚೆವ್ ಎಂಬ ಒಳ್ಳೆಯ ನಾಯಕರು ಜನರಿಗೆ ಸ್ವಾತಂತ್ರ್ಯ ದಯಪಾಲಿಸಿದರು ಎಂಬುದು ಒಂದು. ಅವರು ಅತಿಯಾಗಿ ಬಾಯಿ ಬಿಡಿಸಿದ್ದರಿಂದಲೇ ದೇಶ ಒಡೆಯಿತು ಎಂಬುದು ಇನ್ನೊಂದು. ಮುಕ್ತತೆ ಎಂದರೆ ಆಳುವವರ ಕೈಯಲ್ಲಿರುವ ವಸ್ತು, ಬೇಕಾದಾಗ ಕೊಡಬಹುದು, ಬೇಡವಾದಾಗ ತಡೆಯಬಹುದು ಎಂಬ ನಂಬಿಕೆ ಇವೆರಡರಲ್ಲೂ ಅಡಗಿದೆ. ನಾನು ಇಂದು ಹೇಳಬೇಕೆಂದಿರುವುದು ಇದಕ್ಕಿಂತ ಬೇರೆ. ಜನರಿಗೆ ಸುಳ್ಳು ಹೇಳುತ್ತ ಬಂದ ಪ್ರಭುತ್ವ ಕೊನೆಗೆ ತನ್ನ ಸ್ಥಿತಿಯನ್ನು ತಾನೇ ಅರಿಯಲಾರದ ಮಟ್ಟಕ್ಕೆ ಬಂದಿತ್ತು. ಹಾಗಾಗಿಯೇ ಅದಕ್ಕೆ ಮುಕ್ತತೆ ಬೇಕಾಯಿತು. ಜನ ಅದನ್ನು ತಮ್ಮ ಹಕ್ಕೆಂದು ಹಿಡಿದುಕೊಂಡಾಗ ಅದಕ್ಕೆ ಜೀವ ಬಂತು. ಆ ಹಕ್ಕನ್ನು ಕಾಯುವ ಸಂಸ್ಥೆಗಳು ಬೆಳೆಯದೆ ಹೋದದ್ದರಿಂದ ಅದು ಮತ್ತೆ ಕೈತಪ್ಪಿತು.

ಬಚ್ಚಿಟ್ಟ ಲೆಕ್ಕ

1982ರ ನವೆಂಬರಿನಲ್ಲಿ ಸೋವಿಯತ್ ನಾಯಕ ಬ್ರೆಜ್ನೆವ್ ತೀರಿಕೊಂಡರು. ಅವರ ನಂತರ ಬಂದ ಆಂದ್ರೊಪೊವ್ 1984ರ ಫೆಬ್ರವರಿಯಲ್ಲಿ, ಅವರ ನಂತರ ಬಂದ ಚೆರ್ನೆಂಕೊ 1985ರ ಮಾರ್ಚ್ 10ರಂದು ಕಾಲವಾದರು. ಮರುದಿನವೇ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿ ಆಯ್ಕೆಯಾದ ಗೊರ್ಬಚೆವ್‌ಗೆ ಆಗ 54 ವರ್ಷ. ಸ್ತಾವ್ರೊಪೋಲ್ ಪ್ರಾಂತದ ರೈತ ಕುಟುಂಬದಲ್ಲಿ ಹುಟ್ಟಿ, ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದವರು ಅವರು.

ತಾವು ಯಾವ ದೇಶವನ್ನು ಆಳಲು ಹೊರಟಿದ್ದೇವೆ ಎಂಬುದು ಅವರಿಗಾದರೂ ಗೊತ್ತಿತ್ತೆ? ಆಂದ್ರೊಪೊವ್ ಕಾಲದಲ್ಲೇ ಅವರು ಪಾಲಿಟ್‌ಬ್ಯೂರೊ ಸದಸ್ಯರಾಗಿದ್ದರು, ಅಂದರೆ ದೇಶದ ಅತ್ಯುನ್ನತ ಅಧಿಕಾರ ಮಂಡಲಿಯಲ್ಲಿದ್ದರು. ಆಗ ಆಯವ್ಯಯದ ನಿಜವಾದ ಲೆಕ್ಕ ತೋರಿಸಿ ಎಂದು ಕೇಳಿದಾಗ ಆಂದ್ರೊಪೊವ್ ಕೊಡಲಿಲ್ಲ ಎಂದು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ದೇಶದ ಜಮಾಖರ್ಚನ್ನು ನೋಡಲು ದೇಶ ಆಳುವವರಿಗೇ ಅನುಮತಿಯಿರಲಿಲ್ಲ! ರಕ್ಷಣಾ ವೆಚ್ಚ 2,020 ಕೋಟಿ ರೂಬಲ್ ಎಂದು ವರ್ಷಗಟ್ಟಲೆ ಪ್ರಕಟವಾಗುತ್ತಿತ್ತು. 1989ರ ಮೇ ತಿಂಗಳಲ್ಲಿ ಗೊರ್ಬಚೆವ್ ಹೊರಗೆಡವಿದ ಅಂಕಿ 7,730 ಕೋಟಿ.

ಮುಚ್ಚಿಡುವುದು ಮೇಲಿನವರ ರೂಢಿಯಾದಾಗ ಕೆಳಗಿನವರು ಸುಳ್ಳು ಬರೆಯುವುದನ್ನು ಕಲಿಯುತ್ತಾರೆ. ಉಜ್ಬೆಕಿಸ್ತಾನದಲ್ಲಿ ಶರಾಫ್ ರಶೀದೊವ್ ಆಡಳಿತದ ಕೊನೆಯ ವರ್ಷಗಳಲ್ಲಿ, ಬೆಳೆಯದೇ ಇದ್ದ ಲಕ್ಷಾಂತರ ಟನ್ ಹತ್ತಿ ಕಡತಗಳಲ್ಲಿ ಬೆಳೆಯುತ್ತಿತ್ತು. ಆ ಹತ್ತಿಗೆ ಮಾಸ್ಕೋ ಹಣ ಕೊಡುತ್ತಿತ್ತು. ಅದೇ ಹತ್ತಿಯ ಗುರಿ ಮುಟ್ಟಲು ನದಿಗಳ ನೀರನ್ನು ತಿರುಗಿಸಿದ್ದರಿಂದ 1960ರ ನಂತರ ಅರಾಲ್ ಸಮುದ್ರ ಬತ್ತುತ್ತ ಹೋಯಿತು. ಹಸುಗೂಸುಗಳ ಸಾವಿನ ಪ್ರಮಾಣ ಏರಿದಾಗ, 1970ರ ದಶಕದ ನಡುವಿನಿಂದ ಆ ಅಂಕಿಗಳನ್ನು ಅಚ್ಚು ಮಾಡುವುದನ್ನೇ ಬಿಟ್ಟರು. ದೇಶದ ನಕ್ಷೆಗಳೂ ನಿಜವಾಗಿರಲಿಲ್ಲ. ರಸ್ತೆ, ನದಿ, ಊರುಗಳನ್ನು ಬೇಕೆಂದೇ ಸ್ಥಳ ಬದಲಿಸಿ ಅಚ್ಚು ಹಾಕಲಾಗುತ್ತಿತ್ತು ಎಂದು 1988ರಲ್ಲಿ ನಕ್ಷೆ ಇಲಾಖೆಯ ಮುಖ್ಯಸ್ಥರೇ ಒಪ್ಪಿಕೊಂಡರು.

1987ರ ಫೆಬ್ರವರಿಯಲ್ಲಿ ‘ನೊವಿ ಮಿರ್’ ಎಂಬ ಸಾಹಿತ್ಯ ಮಾಸಿಕದಲ್ಲಿ ವಸೀಲಿ ಸೆಲ್ಯೂನಿನ್ ಎಂಬ ಪತ್ರಕರ್ತರೂ ಗ್ರಿಗೋರಿ ಖಾನಿನ್ ಎಂಬ ಅರ್ಥಶಾಸ್ತ್ರಜ್ಞರೂ ಸೇರಿ ಒಂದು ಲೇಖನ ಬರೆದರು. 1928ರಿಂದ 1985ರವರೆಗೆ ರಾಷ್ಟ್ರೀಯ ವರಮಾನ ಸುಮಾರು 90 ಪಟ್ಟು ಬೆಳೆದಿದೆ ಎಂಬುದು ಸರ್ಕಾರದ ಲೆಕ್ಕ. ಬೆಳೆದದ್ದು ಆರೇಳು ಪಟ್ಟು ಮಾತ್ರ ಎಂಬುದು ಇವರ ಲೆಕ್ಕ. ಆರೇಳು ಪಟ್ಟು ಬೆಳವಣಿಗೆ ಸಣ್ಣದೇನಲ್ಲ. ಯುದ್ಧದಲ್ಲಿ ಕೋಟಿಗಟ್ಟಲೆ ಜನರನ್ನು ಕಳೆದುಕೊಂಡ ದೇಶಕ್ಕೆ ಅದು ಹೆಮ್ಮೆಯ ಸಂಗತಿಯೇ. ಆದರೆ ತೊಂಬತ್ತು ಪಟ್ಟು ಬೆಳೆದಿದ್ದೇವೆ ಎಂದು ನಂಬಿದ ಸರ್ಕಾರ ಹಾಕಿದ ಯೋಜನೆ ನೆಲದ ಮೇಲೆ ನಿಲ್ಲುವುದು ಹೇಗೆ? ಗುಟ್ಟನ್ನು ಶತ್ರುಗಳಿಂದ ಕಾಪಾಡುತ್ತಿದ್ದೇವೆ ಎಂದುಕೊಂಡವರು ತಮ್ಮ ಕಣ್ಣಿಗೇ ಬಟ್ಟೆ ಕಟ್ಟಿಕೊಂಡಿದ್ದರು.

ಚೆರ್ನೋಬಿಲ್

1986ರ ಏಪ್ರಿಲ್ 26ರ ನಡುರಾತ್ರಿ ಕಳೆದು 1 ಗಂಟೆ 23 ನಿಮಿಷಕ್ಕೆ ಉಕ್ರೇನಿನ ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೆಯ ಘಟಕ ಸ್ಫೋಟಿಸಿತು. ಪಕ್ಕದ ಪ್ರಿಪ್ಯಾತ್ ಪಟ್ಟಣದಲ್ಲಿ ಸುಮಾರು 49,000 ಜನರಿದ್ದರು. ಅವರನ್ನು ಬಸ್ಸುಗಳಲ್ಲಿ ಸಾಗಿಸಿದ್ದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಅಲ್ಲಿನ ಮಕ್ಕಳು ಒಂದು ದಿನವಿಡೀ ಬೀದಿಯಲ್ಲಿ ಆಡಿಯಾಗಿತ್ತು. ಸ್ವೀಡನ್ನಿನ ಫೊರ್ಸ್‌ಮಾರ್ಕ್ ಸ್ಥಾವರದಲ್ಲಿ ವಿಕಿರಣ ಪತ್ತೆಯಾಗಿ, ಅದು ಎಲ್ಲಿಂದ ಬಂತು ಎಂಬ ಪ್ರಶ್ನೆ ಎದ್ದ ಮೇಲೆ, ಏಪ್ರಿಲ್ 28ರ ರಾತ್ರಿ ಸೋವಿಯತ್ ಟಿವಿ ಕೆಲವೇ ವಾಕ್ಯಗಳ ಪ್ರಕಟಣೆ ಓದಿತು. ಮೇ 1ರಂದು ಕೀವ್ ನಗರದಲ್ಲಿ ಕಾರ್ಮಿಕ ದಿನದ ಮೆರವಣಿಗೆ ಎಂದಿನಂತೆ ನಡೆಯಿತು. ಅದರಲ್ಲಿ ಮಕ್ಕಳೂ ನಡೆದರು. ಗೊರ್ಬಚೆವ್ ಟಿವಿಯಲ್ಲಿ ಜನರ ಮುಂದೆ ಬಂದದ್ದು ಮೇ 14ರಂದು, ದುರಂತ ನಡೆದು ಹದಿನೆಂಟು ದಿನಗಳ ಮೇಲೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತೇವೆ. ಆ ಹದಿನೆಂಟು ದಿನಗಳಲ್ಲಿ ಹೋದ ನಂಬಿಕೆಯನ್ನು ಪ್ರಭುತ್ವ ಮತ್ತೆಂದೂ ಗಳಿಸಲಿಲ್ಲ. ಕೀವ್‌ನ ತಾಯಂದಿರಿಗೆ ಸತ್ಯ ತಿಳಿಸಿದ್ದು ವಿದೇಶಿ ರೇಡಿಯೊ. ಹೆದರಿಕೆಯಿಂದ ಮೇಲಿನವರಿಗೂ ಕೆಳಗಿನವರು ಪೂರ್ತಿ ಹೇಳಿರಲಿಲ್ಲ. ವಿಕಿರಣ ಎಲ್ಲೆಲ್ಲಿ ಬಿದ್ದಿದೆ ಎಂದು ತೋರಿಸುವ ನಕ್ಷೆಗಳು ಪತ್ರಿಕೆಗಳಲ್ಲಿ ಬಂದದ್ದು 1989ರಲ್ಲಿ. ಮೂರು ವರ್ಷ ಬೆಲಾರೂಸಿನ ಎಷ್ಟೋ ಹಳ್ಳಿಗಳ ಜನ ಆ ಮಣ್ಣಿನಲ್ಲೇ ಬೆಳೆದು ತಿಂದರು.

ಇಂಥ ದುರಂತ ಮೊದಲನೆಯದೂ ಆಗಿರಲಿಲ್ಲ. 1957ರಲ್ಲಿ ಯುರಾಲ್ ಪ್ರದೇಶದ ಮಾಯಾಕ್ ಅಣು ಕಾರ್ಖಾನೆಯಲ್ಲಿ ತ್ಯಾಜ್ಯದ ತೊಟ್ಟಿ ಸ್ಫೋಟಿಸಿತ್ತು. ಸರ್ಕಾರ ಅದನ್ನು ಒಪ್ಪಿಕೊಂಡದ್ದು 1989ರಲ್ಲಿ. ಹಿಂದಿನ ಅವಘಡಗಳ ನಿಜಾಂಶ ಆಯಾ ಕ್ಷೇತ್ರದ ಎಂಜಿನಿಯರುಗಳಿಗೂ ಮುಟ್ಟದಂತೆ ಬಚ್ಚಿಟ್ಟಲ್ಲಿ ಅನುಭವದಿಂದ ಕಲಿಯುವ ದಾರಿಯೇ ಮುಚ್ಚುತ್ತದೆ. ಚೆರ್ನೋಬಿಲ್ ಮಾದರಿಯ ಸ್ಥಾವರಗಳ ವಿನ್ಯಾಸದಲ್ಲಿದ್ದ ದೋಷ ತಜ್ಞರಲ್ಲಿ ಕೆಲವರಿಗೆ ಗೊತ್ತಿತ್ತು, ಆ ರಾತ್ರಿ ಅದನ್ನು ನಡೆಸುತ್ತಿದ್ದವರಿಗೆ ಹೇಳಿರಲಿಲ್ಲ. ಮುಕ್ತತೆಯ ಮಾತನ್ನು ಗೊರ್ಬಚೆವ್ ಅದಕ್ಕೂ ಮೊದಲೇ ಆಡಿದ್ದರು. ಅದಿಲ್ಲದೆ ದೇಶ ನಡೆಯದು ಎಂಬುದು ಮನದಟ್ಟಾದದ್ದು ಚೆರ್ನೋಬಿಲ್‌ನಿಂದ.

ಬೇಡಿಕೆ ಮೊದಲೇ ಇತ್ತು

ಇಲ್ಲಿ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. 1965ರ ಡಿಸೆಂಬರ್ 5, ಸೋವಿಯತ್ ಸಂವಿಧಾನ ದಿನ. ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಒಂದು ಸಣ್ಣ ಗುಂಪು ಸೇರಿತು. ಸಿನ್ಯಾವ್‌ಸ್ಕಿ ಮತ್ತು ಡೇನಿಯಲ್ ಎಂಬ ಇಬ್ಬರು ಲೇಖಕರನ್ನು ತಮ್ಮ ಬರಹಗಳನ್ನು ಹೊರದೇಶದಲ್ಲಿ ಅಚ್ಚು ಹಾಕಿಸಿದ್ದಕ್ಕೆ ಬಂಧಿಸಲಾಗಿತ್ತು. ಅವರ ವಿಚಾರಣೆಯಲ್ಲಿ ಗ್ಲಾಸ್ನೋಸ್ತ್ ಬೇಕು, ಸಂವಿಧಾನವನ್ನು ಗೌರವಿಸಿ ಎಂಬುದು ಸೇರಿದವರ ಬೇಡಿಕೆ. ಅದನ್ನು ಏರ್ಪಡಿಸಿದವರು ಅಲೆಕ್ಸಾಂಡರ್ ಎಸೆನಿನ್-ವೋಲ್ಪಿನ್ ಎಂಬ ಗಣಿತಜ್ಞರು. ಸರ್ಕಾರ ತಾನೇ ಬರೆದ ಕಾನೂನನ್ನು ತಾನು ಪಾಲಿಸಲಿ, ಅಷ್ಟು ಸಾಕು ಎನ್ನುತ್ತಿದ್ದರು. ಫಲಕಗಳನ್ನು ನಿಮಿಷಗಳಲ್ಲೇ ಕಿತ್ತುಕೊಂಡರು. ಭಾಗವಹಿಸಿದ ವಿದ್ಯಾರ್ಥಿಗಳಲ್ಲಿ ಕೆಲವರನ್ನು ಕಾಲೇಜಿನಿಂದ ತೆಗೆದರು.

1968ರ ಏಪ್ರಿಲಿನಿಂದ ‘ಪ್ರಸ್ತುತ ಘಟನೆಗಳ ವರದಿ’ ಎಂಬ ಗುಪ್ತ ಪತ್ರಿಕೆ ಹೊರಬರತೊಡಗಿತು. ಕವಯಿತ್ರಿ ನತಾಲ್ಯಾ ಗೊರ್ಬನೆವ್‌ಸ್ಕಯಾ ಅದರ ಮೊದಲ ಸಂಪಾದಕಿ. ಕಾರ್ಬನ್ ಹಾಳೆಗಳನ್ನಿಟ್ಟು ಟೈಪ್ ಮಾಡುವುದು, ಓದಿದವರು ಮತ್ತೆ ಟೈಪ್ ಮಾಡಿ ಮುಂದಕ್ಕೆ ದಾಟಿಸುವುದು. ಯಾರನ್ನು ಎಲ್ಲಿ ಬಂಧಿಸಿದರು, ಯಾವ ಕಲಮಿನಡಿ ಶಿಕ್ಷಿಸಿದರು, ಯಾವ ಶ್ರಮಶಿಬಿರಕ್ಕೆ ಕಳಿಸಿದರು ಎಂಬ ಬರಿಯ ಸಂಗತಿಗಳು ಅದರಲ್ಲಿ ಇರುತ್ತಿದ್ದವು. ತಪ್ಪು ಬಂದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಇರುತ್ತಿತ್ತು. ದೇಶದ ಅಧಿಕೃತ ಪತ್ರಿಕೆಗಳು ಸುಳ್ಳಿನಿಂದ ತುಂಬಿದ್ದ ಕಾಲದಲ್ಲಿ, ಜೈಲಿನ ಭಯದ ನಡುವೆ ಟೈಪ್ ಮಾಡಿದ ಆ ಹಾಳೆಗಳು ಪತ್ರಿಕಾಧರ್ಮವನ್ನು ಕಾಪಾಡಿದವು.

ಭೌತವಿಜ್ಞಾನಿ ಆಂದ್ರೇ ಸಖಾರೊವ್ ಈ ಸಾಲಿನ ದೊಡ್ಡ ಹೆಸರು. ಸೋವಿಯತ್ ಜಲಜನಕ ಬಾಂಬಿನ ನಿರ್ಮಾಪಕರಲ್ಲಿ ಪ್ರಮುಖರಾಗಿದ್ದು, ಮುಂದೆ ಮಾನವ ಹಕ್ಕುಗಳ ದನಿಯಾಗಿ 1975ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಅಫ್ಘಾನಿಸ್ತಾನದ ಮೇಲಿನ ಆಕ್ರಮಣವನ್ನು ಖಂಡಿಸಿದ್ದಕ್ಕೆ 1980ರ ಜನವರಿಯಲ್ಲಿ ಅವರನ್ನು ಗೋರ್ಕಿ ನಗರಕ್ಕೆ ಗಡಿಪಾರು ಮಾಡಲಾಯಿತು. 1986ರ ಡಿಸೆಂಬರಿನಲ್ಲಿ ಒಂದು ಸಂಜೆ ಇದ್ದಕ್ಕಿದ್ದಂತೆ ಅವರ ಮನೆಗೆ ಟೆಲಿಫೋನ್ ಜೋಡಿಸಿ ಹೋದರು. ಮರುದಿನ ಕರೆ ಮಾಡಿದವರು ಗೊರ್ಬಚೆವ್: ಮಾಸ್ಕೋಗೆ ಬನ್ನಿ, ನಿಮ್ಮ ಕೆಲಸ ಮುಂದುವರಿಸಿ. ಸಖಾರೊವ್ ಧನ್ಯವಾದ ಹೇಳಿ, ಆ ಕ್ಷಣವೇ ಉಳಿದ ರಾಜಕೀಯ ಕೈದಿಗಳ ಮಾತು ತೆಗೆದರು. ಚಿಸ್ತೊಪೋಲ್ ಜೈಲಿನಲ್ಲಿ ಕೆಲವೇ ದಿನಗಳ ಹಿಂದೆ ತೀರಿಕೊಂಡಿದ್ದ ತಮ್ಮ ಗೆಳೆಯ ಅನಾತೊಲಿ ಮಾರ್ಚೆಂಕೊ ಅವರ ಸಾವನ್ನು ನೆನಪಿಸಿದರು. ತಮಗೆ ಸಿಕ್ಕ ಬಿಡುಗಡೆಯನ್ನು ಅವರು ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳಲಿಲ್ಲ. ಎಲ್ಲರಿಗೂ ಸಲ್ಲಬೇಕಾದದ್ದು ಒಬ್ಬನಿಗೆ ಸಂದಿದೆ, ಉಳಿದವರಿಗೆ ಯಾವಾಗ ಎಂದು ಕೇಳಿದರು. ಮುಕ್ತತೆಯ ಇಡೀ ಇತಿಹಾಸ ನನಗೆ ಆ ಒಂದು ಫೋನ್ ಮಾತುಕತೆಯಲ್ಲಿ ಕಾಣುತ್ತದೆ.

ಹಿಂತಿರುಗಿದ ಹೆಸರುಗಳು

1986ರ ನಂತರ ಪತ್ರಿಕೆಗಳ ಬಾಯಿ ಬಿಚ್ಚಿತು. ಈ ನೀತಿಯ ಹಿಂದಿನ ಮುಖ್ಯ ತಲೆ ಅಲೆಕ್ಸಾಂಡರ್ ಯಾಕೊವ್ಲೆವ್. ಹತ್ತು ವರ್ಷ ಕೆನಡಾದಲ್ಲಿ ರಾಯಭಾರಿಯಾಗಿದ್ದು ಬಂದವರು. ‘ಒಗೊನ್ಯೋಕ್’ ವಾರಪತ್ರಿಕೆಗೆ ವಿತಾಲಿ ಕೊರೊತಿಚ್, ‘ಮಾಸ್ಕೋ ನ್ಯೂಸ್’ಗೆ ಯೆಗೊರ್ ಯಾಕೊವ್ಲೆವ್, ‘ನೊವಿ ಮಿರ್’ಗೆ ಸೆರ್ಗೇ ಜಲಿಗಿನ್ ಸಂಪಾದಕರಾದರು. ಪತ್ರಿಕೆ ಕೊಳ್ಳಲು ಜನ ಬೆಳಗಿನ ಜಾವವೇ ಸಾಲು ನಿಂತರು. ‘ಆರ್ಗುಮೆಂತಿ ಇ ಫಾಕ್ತಿ’ ವಾರಪತ್ರಿಕೆಯ ಪ್ರಸಾರ 1990ರಲ್ಲಿ 3 ಕೋಟಿ 30 ಲಕ್ಷ ಮುಟ್ಟಿ ವಿಶ್ವದಾಖಲೆಯಾಯಿತು.

ಬಚ್ಚಿಟ್ಟ ಸಾಹಿತ್ಯವೆಲ್ಲ ಹೊರಬಂತು. ಅಖ್ಮಾತೊವಾ ಅವರ ‘ರಿಕ್ವಿಯಂ’ ಮತ್ತು ರಿಬಕೊವ್ ಅವರ ‘ಅರ್ಬಾತಿನ ಮಕ್ಕಳು’ 1987ರಲ್ಲಿ; ಪಾಸ್ತರ್ನಾಕ್ ಅವರ ‘ಡಾಕ್ಟರ್ ಜಿವಾಗೊ’ 1988ರಲ್ಲಿ; ಸೋಲ್ಜೆನಿತ್ಸಿನ್ ಅವರ ‘ಗುಲಾಗ್ ದ್ವೀಪಸ್ತೋಮ’ 1989ರಲ್ಲಿ. ವಸೀಲಿ ಗ್ರಾಸ್‌ಮನ್ ಅವರ ‘ಬದುಕು ಮತ್ತು ವಿಧಿ’ ಕಾದಂಬರಿಯ ಹಸ್ತಪ್ರತಿಯನ್ನು 1961ರಲ್ಲಿ ಗುಪ್ತ ಪೊಲೀಸ್ ಸಂಸ್ಥೆ ಕೆಜಿಬಿಯವರು ಟೈಪ್‌ರೈಟರಿನ ರಿಬ್ಬನ್ ಸಮೇತ ಹೊತ್ತೊಯ್ದಿದ್ದರು. ಅವರು ಅದನ್ನು ಅಚ್ಚಿನಲ್ಲಿ ಕಾಣದೆ 1964ರಲ್ಲಿ ತೀರಿಕೊಂಡರು. ಗೆಳೆಯರು ಕಾಪಾಡಿದ ಪ್ರತಿಯಿಂದ ಅದು 1988ರಲ್ಲಿ ತಾಯ್ನಾಡಿನಲ್ಲಿ ಬೆಳಕು ಕಂಡಿತು.

ಲೆನಿನ್ನರ ಆಪ್ತರಾಗಿದ್ದ ನಿಕೊಲಾಯ್ ಬುಖಾರಿನ್ ಅವರನ್ನು ಸ್ಟಾಲಿನ್ 1938ರ ಮಾರ್ಚಿನಲ್ಲಿ ಸುಳ್ಳು ವಿಚಾರಣೆ ನಡೆಸಿ ಕೊಲ್ಲಿಸಿದ. ಬಂಧನಕ್ಕೆ ಮೊದಲು ಬುಖಾರಿನ್ ಮುಂದಿನ ಪೀಳಿಗೆಗೆಂದು ಒಂದು ಪತ್ರ ಬರೆದು, ತಮ್ಮ ಎಳೆಯ ವಯಸ್ಸಿನ ಹೆಂಡತಿ ಅನ್ನಾ ಲಾರಿನಾಗೆ ಬಾಯಿಪಾಠ ಮಾಡಿಸಿ, ಹಾಳೆಯನ್ನು ನಾಶ ಮಾಡಿದ್ದರು. ಆಕೆ ಸುಮಾರು ಎರಡು ದಶಕ ಜೈಲು, ಶಿಬಿರ, ಗಡಿಪಾರುಗಳಲ್ಲಿ ಕಳೆದರು. ಮಗುವಾಗಿದ್ದ ಮಗನಿಂದ ಬೇರಾದರು. ಆ ಪತ್ರವನ್ನು ಮನಸ್ಸಿನಲ್ಲೇ ದಿನವೂ ಹೇಳಿಕೊಂಡು ಉಳಿಸಿದರು. 1988ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಬುಖಾರಿನ್ ನಿರಪರಾಧಿ ಎಂದು ಘೋಷಿಸಿತು. ಕಾಗದಕ್ಕೆ ಜಾಗವಿಲ್ಲದ ದೇಶದಲ್ಲಿ ಒಬ್ಬ ಹೆಣ್ಣುಮಗಳ ನೆನಪೇ ಪತ್ರಾಗಾರವಾಗಿ ಐವತ್ತು ವರ್ಷ ಕಾದದ್ದು ಮಾನವ ಘನತೆಯ ದೊಡ್ಡ ಸಾಕ್ಷಿ.

ಅದೇ 1988ರ ಜೂನಿನಲ್ಲಿ ಬೆಲಾರೂಸಿನ ಮಿನ್‌ಸ್ಕ್ ಹೊರವಲಯದ ಕುರಪಾತಿ ಕಾಡಿನಲ್ಲಿ ಸ್ಟಾಲಿನ್ ಕಾಲದ ಸಾಮೂಹಿಕ ಸಮಾಧಿಗಳಿವೆ ಎಂದು ಜಿಯಾನೊನ್ ಪಜ್ನ್ಯಾಕ್ ತಮ್ಮ ಜೊತೆಗಾರರೊಡನೆ ಬರೆದರು. ಶಾಲೆಗಳ ಇತಿಹಾಸ ಪುಸ್ತಕಗಳು ಇನ್ನು ಪಾಠಕ್ಕೆ ಯೋಗ್ಯವಲ್ಲವೆಂದು ಆ ವರ್ಷ ಇತಿಹಾಸದ ಪರೀಕ್ಷೆಯನ್ನೇ ರದ್ದು ಮಾಡಿದರು. 1940ರಲ್ಲಿ ಕತಿನ್ ಮತ್ತಿತರ ಕಡೆಗಳಲ್ಲಿ ಸುಮಾರು 22,000 ಪೋಲಿಷ್ ಅಧಿಕಾರಿಗಳು ಮತ್ತು ನಾಗರಿಕರನ್ನು ಕೊಂದದ್ದು ಜರ್ಮನರಲ್ಲ, ಸೋವಿಯತ್ ಗುಪ್ತ ಪೊಲೀಸರು ಎಂದು 1990ರ ಏಪ್ರಿಲ್ 13ರಂದು ಒಪ್ಪಿಕೊಳ್ಳಲಾಯಿತು.

ಆದರೆ ಈ ಮುಕ್ತತೆ ಎಷ್ಟು ತೆಳುವಾದ ಎಳೆಯ ಮೇಲೆ ನಿಂತಿತ್ತು ನೋಡಿ. 1988ರ ಮಾರ್ಚ್ 13ರಂದು ‘ಸೊವೆತ್ಸ್ಕಯಾ ರೊಸ್ಸಿಯಾ’ ಪತ್ರಿಕೆಯಲ್ಲಿ ಲೆನಿನ್‌ಗ್ರಾದಿನ ರಸಾಯನಶಾಸ್ತ್ರ ಅಧ್ಯಾಪಕಿ ನೀನಾ ಆಂದ್ರೆಯೆವಾ ಅವರ ದೀರ್ಘ ಪತ್ರ ಪ್ರಕಟವಾಯಿತು. ಸ್ಟಾಲಿನ್ ಕಾಲವನ್ನು ಎತ್ತಿಹಿಡಿದು ಸುಧಾರಣೆಗಳನ್ನು ಹಳಿಯುವ ಬರಹ. ಪಾಲಿಟ್‌ಬ್ಯೂರೊದ ಪ್ರಭಾವಿ ಸದಸ್ಯ ಲಿಗಚೆವ್ ಅದನ್ನು ಮೆಚ್ಚಿ ಮಾತಾಡಿದರು. ಅಷ್ಟೇ ಸಾಕಾಯಿತು. ಧೈರ್ಯವಂತರೆನಿಸಿದ್ದ ಬಹುತೇಕ ಪತ್ರಿಕೆಗಳು ಮೂರು ವಾರ ಉಸಿರೆತ್ತಲಿಲ್ಲ. ಏಪ್ರಿಲ್ 5ರಂದು ‘ಪ್ರಾವ್ದಾ’ದಲ್ಲಿ ಅಧಿಕೃತ ಉತ್ತರ ಬಂದ ಮೇಲೆಯೇ ಮತ್ತೆ ದನಿ ಮೂಡಿತು. ಒಬ್ಬ ನಾಯಕನ ಮನಸ್ಸು ಬದಲಾದರೆ ಎಲ್ಲವೂ ಒಂದೇ ದಿನದಲ್ಲಿ ಮುಗಿಯಬಹುದು ಎಂಬುದನ್ನು ಆ ಮೂರು ವಾರಗಳು ತೋರಿಸಿಕೊಟ್ಟವು.

ಮತಪೆಟ್ಟಿಗೆ ಮತ್ತು ಟಿವಿ

1988ರ ಜೂನ್ ಕೊನೆಯಲ್ಲಿ ಸೇರಿದ 19ನೆಯ ಪಕ್ಷ ಸಮ್ಮೇಳನ ರಾಜಕೀಯ ಸುಧಾರಣೆಗೆ ಒಪ್ಪಿತು. ಡಿಸೆಂಬರಿನಲ್ಲಿ ಸಂವಿಧಾನ ತಿದ್ದಿ 2,250 ಸದಸ್ಯರ ‘ಜನಪ್ರತಿನಿಧಿಗಳ ಕಾಂಗ್ರೆಸ್’ ರಚಿಸಿದರು. 1,500 ಸ್ಥಾನಗಳಿಗೆ ಜನರ ನೇರ ಮತ. 750 ಸ್ಥಾನಗಳು ಸಂಘಸಂಸ್ಥೆಗಳಿಗೆ, ಅದರಲ್ಲಿ ನೂರು ಪಕ್ಷಕ್ಕೇ. ಪೂರ್ತಿ ಪ್ರಜಾಪ್ರಭುತ್ವ ಇದಲ್ಲ ನಿಜ. ಹಾಗಿದ್ದರೂ 1989ರ ಮಾರ್ಚ್ 26ರಂದು ಜನ ತಮಗೆ ಸಿಕ್ಕ ಸಣ್ಣ ಅವಕಾಶವನ್ನೇ ದೊಡ್ಡದು ಮಾಡಿಕೊಂಡರು. ಮಾಸ್ಕೋದಲ್ಲಿ ಪಕ್ಷದ ಆಡಳಿತಕ್ಕೆ ಬೇಡವಾಗಿದ್ದ ಬೋರಿಸ್ ಯೆಲ್ತ್ಸಿನ್ ಶೇ 89ರಷ್ಟು ಮತ ಪಡೆದರು. ಲೆನಿನ್‌ಗ್ರಾದ್ ಪ್ರಾಂತದ ಪಕ್ಷದ ಮುಖ್ಯಸ್ಥ ಯೂರಿ ಸೊಲೊವ್ಯೊವ್ ಎದುರಾಳಿಯೇ ಇಲ್ಲದೆ ಕಣದಲ್ಲಿದ್ದರೂ ಸೋತರು: ಅರ್ಧಕ್ಕಿಂತ ಹೆಚ್ಚು ಜನ ಮತಪತ್ರದಲ್ಲಿ ಅವರ ಹೆಸರನ್ನು ಹೊಡೆದುಹಾಕಿದ್ದರು.

ಮೇ 25ರಂದು ಕಾಂಗ್ರೆಸ್ ಆರಂಭವಾಯಿತು. ಕಲಾಪ ಟಿವಿಯಲ್ಲಿ ನೇರ ಪ್ರಸಾರ. ಕಾರ್ಖಾನೆ, ಕಚೇರಿಗಳಲ್ಲಿ ಕೆಲಸ ನಿಂತಿತು. ದೇಶವೇ ಟಿವಿ ಮುಂದೆ ಕೂತಿತು. ಒಲಿಂಪಿಕ್ ಭಾರ ಎತ್ತುವ ಸ್ಪರ್ಧೆಯಲ್ಲಿ ಚಿನ್ನ ಗೆದ್ದಿದ್ದ ಯೂರಿ ವ್ಲಾಸೊವ್ ಕೆಜಿಬಿಯನ್ನು ಹೆಸರು ಹಿಡಿದು ಪ್ರಶ್ನಿಸಿದರು. ಸಖಾರೊವ್ ಪಕ್ಷದ ಏಕಸ್ವಾಮ್ಯ ಕೊನೆಗಾಣಬೇಕು ಎಂದರು. ಸಭೆಯ ಬಹುಪಾಲು ಜನ ಅವರನ್ನು ಮಾತಾಡಗೊಡದೆ ಗದ್ದಲ ಎಬ್ಬಿಸಿದರು, ಕೊನೆಗೆ ಅವರ ಮೈಕ್ ಆಫ್ ಆಯಿತು. ಆದರೆ ಅದನ್ನೂ ಕೋಟ್ಯಂತರ ಜನ ಕಣ್ಣಾರೆ ಕಂಡರು. ಎಪ್ಪತ್ತು ವರ್ಷ ಮುಚ್ಚಿದ ಬಾಗಿಲ ಹಿಂದೆ ಕೂತಿದ್ದ ಅಧಿಕಾರ ಮೊದಲ ಸಲ ಮುಖ ತೋರಿಸಿತ್ತು. ಕಂಡ ಮೇಲೆ ಹೆದರಿಕೆ ಕರಗಿತು.

ಆ ವರ್ಷದ ಡಿಸೆಂಬರ್ 14ರಂದು ಸಖಾರೊವ್ ತೀರಿಕೊಂಡರು. ಅವರು ಕೇಳಿದ್ದ ತಿದ್ದುಪಡಿ ಮೂರೇ ತಿಂಗಳಲ್ಲಿ ಬಂತು: 1990ರ ಮಾರ್ಚಿನಲ್ಲಿ ಸಂವಿಧಾನದ ಆರನೆಯ ವಿಧಿಯಿಂದ ಪಕ್ಷದ ಏಕಸ್ವಾಮ್ಯದ ಮಾತು ಹೋಯಿತು. ಜೂನ್ 12ರಂದು ಅಂಗೀಕಾರವಾದ ಪತ್ರಿಕಾ ಕಾನೂನು ಸೆನ್ಸಾರ್‌ಶಿಪ್ಪನ್ನು ನಿಷೇಧಿಸಿತು. 1922ರಿಂದ ಪ್ರತಿ ಮುದ್ರಿತ ಹಾಳೆಯ ಮೇಲೂ ಮೊಹರು ಒತ್ತುತ್ತಿದ್ದ ‘ಗ್ಲಾವ್‌ಲಿತ್’ ಕಚೇರಿಯ ಹಿಡಿತ ಸಡಿಲಿತು. ನನ್ನ ದೃಷ್ಟಿಯಲ್ಲಿ ಆ ಆರು ವರ್ಷಗಳ ಅತ್ಯಂತ ದೊಡ್ಡ ರಾಜಕೀಯ ಸುಧಾರಣೆ ಈ ಕಾನೂನು. ಅಲ್ಲಿಯವರೆಗೆ ನಾಯಕನ ಇಚ್ಛೆಯಾಗಿದ್ದದ್ದು ಅಂದು ನಾಗರಿಕನ ಹಕ್ಕಾಯಿತು.

ಗೊರ್ಬಚೆವ್‌ಗೂ ಇದು ಸುಲಭವಾಗಿ ಜೀರ್ಣವಾಗಲಿಲ್ಲ. 1989ರ ಅಕ್ಟೋಬರಿನಲ್ಲಿ ‘ಆರ್ಗುಮೆಂತಿ ಇ ಫಾಕ್ತಿ’ ಜನಪ್ರಿಯ ಪ್ರತಿನಿಧಿಗಳ ಬಗ್ಗೆ ಓದುಗರ ಅಭಿಪ್ರಾಯ ಪ್ರಕಟಿಸಿದ್ದಕ್ಕೆ ಸಿಟ್ಟಾಗಿ ಸಂಪಾದಕ ಸ್ತಾರ್ಕೊವ್ ರಾಜೀನಾಮೆ ಕೊಡಲಿ ಎಂದರು. ಸ್ತಾರ್ಕೊವ್ ಕೊಡಲಿಲ್ಲ, ತಮ್ಮ ಕುರ್ಚಿಯಲ್ಲೇ ಉಳಿದರು. ಹತ್ತು ವರ್ಷ ಹಿಂದೆ ಇದನ್ನು ಊಹಿಸಲೂ ಆಗುತ್ತಿರಲಿಲ್ಲ.

ದೇಶ ಒಡೆದದ್ದು ಮುಕ್ತತೆಯಿಂದಲೆ?

ಈಗ ಆಪಾದನೆಗೆ ಬರೋಣ. ಸತ್ಯ ಹೇಳಿದ್ದರಿಂದಲೇ ಒಕ್ಕೂಟ ಚೂರಾಯಿತು ಎನ್ನುವವರು ರಷ್ಯಾದಲ್ಲಿ ಬಹಳ ಜನ ಇದ್ದಾರೆ. ಅವರ ನೋವು ನಿಜವಾದದ್ದು. ಆ ವರ್ಷಗಳಲ್ಲಿ ಉಳಿತಾಯ, ಕೆಲಸ, ನೆಲೆ ಕಳೆದುಕೊಂಡವರು ಅವರು.

ಆರ್ಥಿಕ ಕುಸಿತದ ಕಾರಣಗಳು ಬೇರೆ ಕಡೆ ಇವೆ. 1985ರ ಮದ್ಯವಿರೋಧಿ ಆಂದೋಲನ ಬೊಕ್ಕಸದ ದೊಡ್ಡ ವರಮಾನವನ್ನು ಕಿತ್ತುಕೊಂಡಿತು. 1986ರಲ್ಲಿ ಜಗತ್ತಿನ ತೈಲ ಬೆಲೆ ಬಿತ್ತು. 1988ರ ಆರಂಭದಿಂದ ಜಾರಿಗೆ ಬಂದ ಉದ್ಯಮ ಕಾನೂನು ಕಾರ್ಖಾನೆಗಳಿಗೆ ಸಂಬಳ ಏರಿಸುವ ಸ್ವಾತಂತ್ರ್ಯ ಕೊಟ್ಟಿತು. ಬೆಲೆಗಳು ಮಾತ್ರ ಸರ್ಕಾರದ ಹಿಡಿತದಲ್ಲೇ ಉಳಿದವು. ಜನರ ಕೈಯಲ್ಲಿ ಹಣ ಹೆಚ್ಚಿತು, ಅಂಗಡಿಯಲ್ಲಿ ಸರಕು ಮಾಯವಾಯಿತು. 1989ರ ಜುಲೈನಲ್ಲಿ ಕುಜ್‌ಬಾಸ್ ಕಲ್ಲಿದ್ದಲ ಗಣಿಗಳ ಕಾರ್ಮಿಕರು ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಮೈ ತೊಳೆಯಲು ಸೋಪು ಕೊಡಿ ಎಂಬುದೂ ಇತ್ತು. ಮಾತಿನ ಸ್ವಾತಂತ್ರ್ಯ ಸೋಪನ್ನು ಒದಗಿಸಲಾರದು. ಸೋಪು ಇಲ್ಲದಂತೆ ಮಾಡಿದ್ದೂ ಅದಲ್ಲ.

ಜನಾಂಗ ದ್ವೇಷದ ವಿಚಾರ ಹೆಚ್ಚು ಕಠಿಣ. ಮುಕ್ತತೆಯ ಗಾಳಿಯಲ್ಲಿ ವಿಷದ ಮಾತುಗಳಿಗೂ ದನಿ ಸಿಕ್ಕಿತು. ಯಹೂದಿ ದ್ವೇಷ ಹರಡುವ ‘ಪಾಮ್ಯಾತ್’ನಂಥ ಸಂಘಟನೆಗಳು ಬೀದಿಗೆ ಬಂದವು. ಇದನ್ನು ಮರೆಮಾಚಬಾರದು. ಆದರೆ ರಕ್ತ ಹರಿದ ಕಡೆಗಳನ್ನು ಒಂದೊಂದಾಗಿ ನೋಡಿದರೆ ಅಲ್ಲೆಲ್ಲ ಪ್ರಭುತ್ವ ಸುದ್ದಿಯನ್ನು ತಡೆದಿತ್ತು. 1988ರ ಫೆಬ್ರವರಿ ಕೊನೆಯಲ್ಲಿ ಅಜರ್‌ಬೈಜಾನಿನ ಸುಮ್‌ಗಾಯಿತ್‌ನಲ್ಲಿ ಅರ್ಮೇನಿಯನ್ನರ ಮೇಲೆ ದಾಳಿ ನಡೆದು, ಸರ್ಕಾರದ ಲೆಕ್ಕದಲ್ಲೇ 32 ಜನ ಸತ್ತರು. ಕೇಂದ್ರ ಪತ್ರಿಕೆಗಳು ಅರೆಬರೆ ಹೇಳಿದವು. ಆ ಖಾಲಿಯನ್ನು ವದಂತಿ ತುಂಬಿತು, ಎರಡೂ ಕಡೆ ದ್ವೇಷ ಹೆಪ್ಪುಗಟ್ಟಿತು. 1989ರ ಏಪ್ರಿಲ್ 9ರಂದು ಜಾರ್ಜಿಯಾದ ತ್ಬಿಲಿಸಿಯಲ್ಲಿ ಸೈನಿಕರು ಸನಿಕೆ ಮತ್ತು ವಿಷಾನಿಲ ಬಳಸಿ ಪ್ರತಿಭಟನೆಯನ್ನು ಚದುರಿಸಿದಾಗ ಇಪ್ಪತ್ತರಷ್ಟು ಜನ ಸತ್ತರು. ಮೊದಲು ಎಲ್ಲವನ್ನೂ ಅಲ್ಲಗಳೆದರು. ಅನಾತೊಲಿ ಸೊಬ್ಚಾಕ್ ನೇತೃತ್ವದ ಸಂಸದೀಯ ಆಯೋಗ ನಿಜವನ್ನು ಹೊರತೆಗೆಯುವಷ್ಟರಲ್ಲಿ ಜಾರ್ಜಿಯನ್ನರ ಮನಸ್ಸು ಮಾಸ್ಕೋದಿಂದ ದೂರವಾಗಿತ್ತು.

ಇನ್ನು ಬಾಲ್ಟಿಕ್ ರಾಜ್ಯಗಳು. 1939ರ ಆಗಸ್ಟ್ 23ರಂದು ಹಿಟ್ಲರನ ಜರ್ಮನಿಯೊಂದಿಗೆ ಮಾಡಿಕೊಂಡ ಗುಪ್ತ ಒಪ್ಪಂದದ ಫಲವಾಗಿ ಎಸ್ತೊನಿಯಾ, ಲಾತ್ವಿಯಾ, ಲಿಥುವೇನಿಯಾ ಒಕ್ಕೂಟಕ್ಕೆ ಸೇರಿದವು. ಅಂಥ ಒಪ್ಪಂದವೇ ಇಲ್ಲ ಎಂದು ಐವತ್ತು ವರ್ಷ ವಾದಿಸುತ್ತ ಬಂದರು. 1989ರ ಅದೇ ದಿನ ಸುಮಾರು 20 ಲಕ್ಷ ಜನ ತಾಲಿನ್‌ನಿಂದ ವಿಲ್ನಿಯಸ್‌ವರೆಗೆ 600 ಕಿಲೊಮೀಟರ್ ಉದ್ದಕ್ಕೂ ಕೈಗೆ ಕೈ ಹಿಡಿದು ನಿಂತರು. ಡಿಸೆಂಬರಿನಲ್ಲಿ ಕಾಂಗ್ರೆಸ್ ಆ ಗುಪ್ತ ಒಪ್ಪಂದವನ್ನು ಖಂಡಿಸಿತು. ಸುಳ್ಳಿನಿಂದ ಮಾತ್ರ ಹಿಡಿದಿಟ್ಟ ಬಂಧ ಸತ್ಯ ಹೇಳಿದೊಡನೆ ಬಿಚ್ಚಿಕೊಂಡರೆ ಅದು ಸತ್ಯದ ದೋಷವಲ್ಲ. 1991ರ ಜನವರಿ 13ರಂದು ವಿಲ್ನಿಯಸ್‌ನ ಟಿವಿ ಗೋಪುರ ಹಿಡಿಯಲು ಹೋದ ಸೇನೆಯ ಕೈಯಲ್ಲಿ 14 ಜನ ಸತ್ತರು. ಟೀಕೆ ಎದ್ದಾಗ ಪತ್ರಿಕಾ ಕಾನೂನನ್ನೇ ತಡೆಹಿಡಿಯುವ ಮಾತನ್ನು ಗೊರ್ಬಚೆವ್ ಎತ್ತಿದರು. ಅವರ ಜೀವನದ ಅತ್ಯಂತ ದುಃಖಕರ ಗಳಿಗೆಗಳಲ್ಲಿ ಇದೊಂದು ಎಂದು ನನಗನ್ನಿಸುತ್ತದೆ.

ಅದೇ ವರ್ಷದ ಆಗಸ್ಟ್ 19ರಂದು ಪಕ್ಷ, ಸೇನೆ, ಕೆಜಿಬಿಯ ಕಟ್ಟಾಳುಗಳು ರಜೆಯಲ್ಲಿದ್ದ ಗೊರ್ಬಚೆವ್ ಅವರನ್ನು ಕ್ರಿಮಿಯಾದ ಫೊರೊಸ್‌ನಲ್ಲಿ ದಿಗ್ಬಂಧಿಸಿ ಅಧಿಕಾರ ಹಿಡಿಯಲೆತ್ನಿಸಿದರು. ಟಿವಿಯಲ್ಲಿ ‘ಸ್ವಾನ್ ಲೇಕ್’ ಬ್ಯಾಲೆ ಹಾಕಿ ಸುದ್ದಿ ಮುಚ್ಚಿದರು, ಹಲವು ಪತ್ರಿಕೆಗಳನ್ನು ನಿಷೇಧಿಸಿದರು. ಹನ್ನೊಂದು ಪತ್ರಿಕೆಗಳ ಸಂಪಾದಕರು ಸೇರಿ ಒಂದೇ ಜಂಟಿ ಪತ್ರಿಕೆ ಹೊರತಂದರು. ಅಧಿಕಾರ ಹಿಡಿಯಲೆತ್ನಿಸಿದವರ ಪತ್ರಿಕಾಗೋಷ್ಠಿಯಲ್ಲಿ ತತ್ಯಾನಾ ಮಾಲ್ಕಿನಾ ಎಂಬ ಎಳೆಯ ವರದಿಗಾರ್ತಿ ಎದ್ದು, ನೀವು ನಡೆಸಿದ್ದು ಸರ್ಕಾರದ ವಿರುದ್ಧದ ಕ್ಷಿಪ್ರಕ್ರಾಂತಿ ಎಂಬುದು ನಿಮಗೆ ಅರ್ಥವಾಗಿದೆಯೆ ಎಂದು ಕೇಳಿದರು. ಉಪಾಧ್ಯಕ್ಷ ಯಾನಯೆವ್ ಅವರ ಕೈ ನಡುಗುತ್ತಿದ್ದುದನ್ನು ದೇಶ ಕಂಡಿತು. ಮೂರು ದಿನಗಳಲ್ಲಿ ಆ ಯತ್ನ ಮುರಿದುಬಿತ್ತು. ಮುಕ್ತತೆ ಅಭ್ಯಾಸವಾದ ಐದು ವರ್ಷಗಳು ಜನರಿಗೆ ಕೊಟ್ಟ ಧೈರ್ಯ ಅದು. ಡಿಸೆಂಬರ್ 25ರಂದು ಗೊರ್ಬಚೆವ್ ರಾಜೀನಾಮೆ ಕೊಟ್ಟರು, ಒಕ್ಕೂಟ ಮುಗಿಯಿತು.

ಕಾಯುವವರು ಬೇಕು

ಅಷ್ಟು ಕಷ್ಟದಿಂದ ಗಳಿಸಿದ ಹಕ್ಕು ಆಮೇಲೆ ಏಕೆ ಉಳಿಯಲಿಲ್ಲ? ಕಾನೂನು ಬಂತು, ಅದನ್ನು ಕಾಯುವ ಸ್ವತಂತ್ರ ನ್ಯಾಯಾಲಯ ಬೆಳೆಯಲಿಲ್ಲ. ಶಿಬಿರಗಳ ಸತ್ಯ ಅಚ್ಚಾಯಿತು, ತಪ್ಪಿತಸ್ಥರ ವಿಚಾರಣೆ ಆಗಲಿಲ್ಲ. ಕೆಜಿಬಿ ಹೆಸರು ಬದಲಿಸಿಕೊಂಡು ಉಳಿಯಿತು. ಪತ್ರಾಗಾರಗಳು ಸ್ವಲ್ಪ ಕಾಲ ತೆರೆದು ಮತ್ತೆ ಮುಚ್ಚತೊಡಗಿದವು. 1992ರ ಬೆಲೆ ಏರಿಕೆಯಲ್ಲಿ ಓದುಗರು ಚಂದಾ ಕಟ್ಟಲಾರದೆ ಹೋದರು. ಪತ್ರಿಕೆ, ಟಿವಿಗಳು ಹೊಸ ಶ್ರೀಮಂತರ ಪಾಲಾದವು, ಅವರಿಂದ ಸರ್ಕಾರದ ಹಿಡಿತಕ್ಕೆ ಜಾರಿದವು.

ಸ್ಟಾಲಿನ್ ಕಾಲದ ಬಲಿಪಶುಗಳ ಹೆಸರುಗಳನ್ನು ಹುಡುಕಿ ದಾಖಲಿಸಲು ಹುಟ್ಟಿದ ‘ಮೆಮೋರಿಯಲ್’ ಸಂಸ್ಥೆಗೆ ಸಖಾರೊವ್ ಅವರೇ ಮೊದಲ ಅಧ್ಯಕ್ಷರಾಗಿದ್ದರು. ಮೂವತ್ತು ಲಕ್ಷಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಮಾಡಿದ ಆ ಸಂಸ್ಥೆಯನ್ನು ಮುಚ್ಚಲು ರಷ್ಯಾದ ಸುಪ್ರೀಂ ಕೋರ್ಟು 2021ರ ಡಿಸೆಂಬರ್ 28ರಂದು ಆದೇಶಿಸಿತು. ಮರುವರ್ಷ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿಯ ಪಾಲು ಸಂದಿತು. 1991ರ ಆ ಮೂರು ದಿನ ಮಾಸ್ಕೋಗೆ ಸುದ್ದಿ ಮುಟ್ಟಿಸಿದ್ದ ‘ಎಖೊ ಮಾಸ್ಕ್ವಿ’ ರೇಡಿಯೊ 2022ರ ಮಾರ್ಚಿನಲ್ಲಿ ಮೌನವಾಯಿತು. ತಮಗೆ ಬಂದ ನೊಬೆಲ್ ಹಣದಲ್ಲಿ ಗೊರ್ಬಚೆವ್ ಕಂಪ್ಯೂಟರುಗಳನ್ನು ಕೊಡಿಸಿ ನಿಲ್ಲಿಸಿದ್ದ ‘ನೋವಯಾ ಗಜೆತಾ’ ಅದೇ ತಿಂಗಳು ಪ್ರಕಟಣೆ ನಿಲ್ಲಿಸಿತು. ಸೇನೆಯ ಬಗ್ಗೆ ಸರ್ಕಾರ ಒಪ್ಪದ ಸುದ್ದಿ ಹೇಳಿದರೆ 15 ವರ್ಷದವರೆಗೆ ಜೈಲು ಎಂಬ ಕಾನೂನೂ ಆಗಲೇ ಬಂತು. ಈ ಮುಚ್ಚುವಿಕೆಗಳನ್ನೆಲ್ಲ ಕಂಡು, ಅದೇ ವರ್ಷದ ಆಗಸ್ಟ್ 30ರಂದು ಗೊರ್ಬಚೆವ್ ಕಣ್ಣುಮುಚ್ಚಿದರು.

ಹಾಗಾದರೆ ಎಲ್ಲವೂ ವ್ಯರ್ಥವಾಯಿತೆ? ನಾನು ಹಾಗೆ ತಿಳಿಯುವುದಿಲ್ಲ. ಕತಿನ್, ಕುರಪಾತಿ, ಗುಲಾಗ್ ಶಿಬಿರಗಳ ದಾಖಲೆಗಳು ಅಚ್ಚಾಗಿ ಜಗತ್ತಿನ ಗ್ರಂಥಾಲಯಗಳಲ್ಲಿ ಕೂತಿವೆ. ಸಂಸ್ಥೆಯನ್ನು ಮುಚ್ಚಬಹುದು, ದಾಖಲಾದ ಹೆಸರುಗಳನ್ನು ಮತ್ತೆ ಅಳಿಸಲಾಗದು. ಬಾಲ್ಟಿಕ್ ದೇಶಗಳಲ್ಲಿ ಅಂದು ಗೆದ್ದ ಹಕ್ಕು ನ್ಯಾಯಾಲಯ, ಸಂಸತ್ತುಗಳ ಆಸರೆಯಲ್ಲಿ ಇಂದಿಗೂ ನಿಂತಿದೆ. ಒಂದೇ ಕಾಲದಲ್ಲಿ ಒಂದೇ ನೀತಿಯಿಂದ ಹೊರಟ ಈ ಸಮಾಜಗಳು ಹೀಗೆ ಬೇರೆಬೇರೆ ಕಡೆ ಮುಟ್ಟಿದ್ದನ್ನು ನೋಡಿದರೆ ಸಂಸ್ಥೆಗಳ ಬೆಲೆ ತಾನಾಗಿ ತಿಳಿಯುತ್ತದೆ.

ವಿದ್ಯಾರ್ಥಿಗಳೆ, ಈ ಕಥೆಯನ್ನು ದೊಡ್ಡ ನಾಯಕರ ಏಳುಬೀಳಿನ ಕಥೆಯಾಗಿ ಓದಬೇಡಿ. ಗೊರ್ಬಚೆವ್ ಬಲಪ್ರಯೋಗದಿಂದ ಹಿಂದೆಗೆದದ್ದಕ್ಕೆ ಮನುಕುಲ ಅವರಿಗೆ ಋಣಿ. ಆದರೆ ಮುಕ್ತತೆಯ ನಿಜವಾದ ಒಡೆಯರು ಪುಷ್ಕಿನ್ ಚೌಕದಲ್ಲಿ ನಿಂತವರು, ಕಾರ್ಬನ್ ಪ್ರತಿ ಟೈಪ್ ಮಾಡಿದವರು, ಒಂದು ಪತ್ರವನ್ನು ಬಾಯಿಪಾಠದಲ್ಲಿ ಉಳಿಸಿದವರು, ರಾಜೀನಾಮೆ ಕೊಡದೆ ಕುಳಿತ ಸಂಪಾದಕರು. ತನ್ನ ಲೆಕ್ಕವನ್ನು ಜನರ ಮುಂದಿಡಲು ಹೆದರುವ ಸರ್ಕಾರ ಎಷ್ಟೇ ಬಲಶಾಲಿಯಾಗಿ ಕಂಡರೂ ಒಳಗೆ ಕುರುಡಾಗುತ್ತಿರುತ್ತದೆ. ಅದನ್ನು ಆ ಕುರುಡಿನಿಂದ ಕಾಪಾಡುವ ಶಕ್ತಿ, ಕೇಳುವ ಮತ್ತು ಬರೆದಿಡುವ ನಾಗರಿಕರಿಗೆ ಮಾತ್ರ ಇದೆ. ಆ ಕೆಲಸಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ; ಅದನ್ನು ಬಿಡದೆ ಮಾಡುವವರು ಪ್ರತಿ ತಲೆಮಾರಿನಲ್ಲೂ ಬೇಕು.